ನಡುಹೆಸರಿನ ಸೀಟಿಗೆ ಟವೆಲ್ಲು

ಹೆಣ್ಣು ಮಗುವಿಗೆ ಹೆಸರು ಹುಡುಕುವುದು ಹೊಳವನಹಳ್ಳಿ ಕಡೆ ಈಗ ಕೆಲಸವೇ ಅಲ್ಲ. ಮೊಬೈಲು ಉಜ್ಜಿದರೆ ಸಾನ್ವಿ, ತನ್ವಿ, ಜಾನ್ವಿ, ಶಾನ್ವಿ ಸಾಲುಗಟ್ಟಿ ನಿಲ್ಲುತ್ತಾರೆ. ಅಂಗನವಾಡಿಯಲ್ಲಿ ಟೀಚರು ಸುಮ್ಮನೆ ‘ನ್ವೀ...’ ಎಂದು ಕೂಗಿದರೆ ಅರ್ಧ ಮಕ್ಕಳು ತಟ್ಟೆ ಹಿಡಿದು ಎದ್ದು ಬರುತ್ತವೆ. ಇವರ ಮುತ್ತಜ್ಜಿಯರು ತಿಮ್ಮಕ್ಕ, ಹನುಮಕ್ಕ, ಓಬಳಮ್ಮ, ಕದರಮ್ಮ. ಆ ಹೆಸರುಗಳಿಗಾಗಿ ಹಿಂದಿನವರು ತಿರುಪತಿಗೆ ಮುಡಿ ಕೊಟ್ಟಿದ್ದರು, ಅಹೋಬಲಕ್ಕೆ ಹರಕೆ ಹೊತ್ತಿದ್ದರು, ಕದಿರಿ ನರಸಿಂಹನ ತೇರಿಗೆ ಗಾಡಿ ಕಟ್ಟಿಕೊಂಡು ಹೋಗಿದ್ದರು. ಈಗ ಡೇಟಾ ಪ್ಯಾಕ್ ಇದ್ದರಾಯಿತು.

ಪೇಚು ಶುರುವಾಗಿರುವುದು ಅದರ ಪಕ್ಕದ ಹೆಸರಿನಿಂದ. ಮಿಡ್ಲ್ ನೇಮು ಎಂಬ ಸಾಮಾನು ನಮ್ಮ ಹೋಬಳಿಗೆ ಬಂದು ಬಹಳ ಕಾಲವಾಗಿಲ್ಲ. ಅಲ್ಲಿಯತನಕ ಇನಿಶಿಯಲ್ಲಿನಲ್ಲೇ ಸಂಸಾರ ತೂಗಿಸಿದ್ದೆವು. ಹಳೆ ಮೈಸೂರಿನ ಲೆಕ್ಕ ಸರಳವಾದದ್ದು: ಮೊದಲ ಅಕ್ಷರ ಊರು, ಎರಡನೆಯದು ಅಪ್ಪ, ಕೊನೆಗೆ ಉಳಿದರೆ ನೀವು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಡಿ.ವಿ.ಜಿ. ಆದದ್ದು ಹೀಗೆ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕೆ.ವಿ. ಆದದ್ದು ಹೀಗೆ. ನಮ್ಮ ಜಿಲ್ಲೆಯ ತೀರ್ಥಪುರದವರು ತೀ.ನಂ.ಶ್ರೀ. ಎಂದು ಕನ್ನಡದಲ್ಲೇ ಕತ್ತರಿಸಿಕೊಂಡರು. ಸಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರು ಕತ್ತರಿಸುವ ಗೋಜಿಗೇ ಹೋಗದೆ ಊರನ್ನು ಇಡಿಯಾಗಿ ಹೊತ್ತುಕೊಂಡರು. ನಮಗೆ ಸರ್‌ನೇಮ್ ಇಲ್ಲ, ಹಾಗಾಗಿ ಹೆಸರು ಕೇಳಿದರೆ ಜಾತಿ ತಿಳಿಯುವುದಿಲ್ಲ ಎಂದು ನಾವು ಉತ್ತರದವರ ಮುಂದೆ ಎದೆಯುಬ್ಬಿಸುವುದೂ ಉಂಟು. ನಿಜವೇ. ಅದಕ್ಕೇ ಹೆಸರು ಕೇಳಿದ ಮೇಲೆ ‘ಯಾರ ಪೈಕಿ?’ ಎಂದು ಬೇರೆಯಾಗಿ ಕೇಳುತ್ತೇವೆ.

ಇಂಥ ವ್ಯವಸ್ಥೆಗೆ ಕಲ್ಲು ಬಿದ್ದದ್ದು ಡಲ್ಲಾಸಿನಿಂದ. ನಾನು ಹೇಳುತ್ತಿರುವ ನಾಮಕರಣ ನಡೆದದ್ದು ಹೊಳವನಹಳ್ಳಿಯ ಒಂದು ಮನೆಯಲ್ಲಿ, ಮಗುವಿನ ತಾಯಿಯ ತವರಿನಲ್ಲಿ. ಗಂಡಿನ ಕಡೆಯವರು ಪಾವಗಡದಿಂದ ಟೆಂಪೊ ಮಾಡಿಕೊಂಡು ಬಂದಿದ್ದರು. ಪತ್ರಿಕೆಗೆ ಬರೆಯುವವನು, ನಾಲ್ಕು ಅಕ್ಷರ ತೂಗಿ ಹೇಳುತ್ತಾನೆ ಎಂದು ನನಗೂ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮೊದಲ ಹೆಸರು ನಿಮಿಷದಲ್ಲಿ ತೀರ್ಮಾನವಾಯಿತು. ‘ನ್ವಿ’ಯಲ್ಲಿ ಮುಗಿಯುವಂಥದ್ದು. ಯಾವುದೆಂದು ಬರೆದರೆ ಊರಿನ ಆರು ಮನೆಯವರು ನಮ್ಮ ಮಗುವಿನ ಮೇಲೇ ಬರೆದಿದ್ದಾನೆ ಎಂದು ಜಗಳಕ್ಕೆ ಬಂದಾರು. ಕೇಸರಿಬಾತು ತಣ್ಣಗಾಗುವ ಮೊದಲೇ ಮುಗಿಯಬೇಕಾಗಿದ್ದ ಸಭೆ ಅದು. ಅಷ್ಟರಲ್ಲಿ ಮಗುವಿನ ಸೋದರಮಾವ ವಿಡಿಯೊ ಕಾಲಿನಲ್ಲಿ ಪ್ರತ್ಯಕ್ಷನಾಗಿ, ‘ಅಪ್ಪಾ, ಮಿಡ್ಲ್ ನೇಮ್ ಇಡ್ಸಿ. ಇಲ್ಲಾಂದ್ರೆ ನನ್ ಥರ ಆಗ್ತಾಳೆ’ ಎಂದ.

ಅವನ ಥರ ಎಂದರೆ ಇಷ್ಟು: ಅವನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಖಾಲಿ ಬಿಡುವಂತಿಲ್ಲ. ಅವರು ಅವನ ಒಂಟಿ ಹೆಸರನ್ನು ಎತ್ತಿ ಸರ್‌ನೇಮಿನ ಜಾಗದಲ್ಲಿ ಕೂರಿಸಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಒತ್ತಿದರು. ಹೆಸರು ಗೊತ್ತಿಲ್ಲ ಎಂದು ಅದರ ತಾತ್ಪರ್ಯ. ಹನ್ನೆರಡನೇ ದಿನಕ್ಕೆ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಸಿ, ಕಿವಿಯಲ್ಲಿ ಮೂರು ಸಲ ಊದಿಸಿಕೊಂಡ ಹೆಸರು ಅಲ್ಲಿ ಹೀಗಾಯಿತು. ಡಲ್ಲಾಸಿನಲ್ಲಿ ಅವನನ್ನು ‘ಮಿಸ್ಟರ್ ಫ್ನೂ’ ಎಂದು ಕರೆಯುವವರಿದ್ದಾರಂತೆ.

ಪಾವಗಡದ ಕಡೆಯ ಒಬ್ಬ ಹುಡುಗ ಇದಕ್ಕೆ ದುಬೈ ಸೇರಿಸಿದ. 2022ರ ನವೆಂಬರ್ 21ರಿಂದ ಯುಎಇ, ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ಪ್ರವಾಸಕ್ಕೆ, ಭೇಟಿಗೆ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದಿತ್ತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ನಡೆಯುತ್ತದೆ ಎಂದು ಸಡಿಲ ಮಾಡಿತು. ‘ನೋಡಿ, ದುಬೈನೋರೂ ಅಪ್ಪನ್ನೇ ಕೇಳೋದು’ ಎಂದು ಗಂಡಿನ ಕಡೆಯವರಿಗೆ ಖುಷಿಯಾಯಿತು. ಇನ್ನು ಮೇಲೆ ಜನನ ಪ್ರಮಾಣಪತ್ರವೇ ಎಲ್ಲದಕ್ಕೂ ಬುಡ ಎಂಬುದು ನನಗೆ ಗೊತ್ತಿತ್ತು. 2023ರ ತಿದ್ದುಪಡಿಯಾದ ಮೇಲೆ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೂ ಆಧಾರಿಗೂ ಪಾಸ್‌ಪೋರ್ಟಿಗೂ ಅದೇ ಕಾಗದ. ಒಮ್ಮೆ ಬರೆಸಿದರೆ ತಿದ್ದಿಸುವುದು ರಗಳೆ. ಹೆಸರು ಬರೆಸಲು ವರ್ಷದ ತನಕ ಸಮಯವಿದೆ, ಅವಸರ ಬೇಡ. ಅಲ್ಲದೆ ನಮ್ಮ ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಖಾನೆ, ನಡುಹೆಸರಿಗೆ ಅಲ್ಲಿ ಜಾಗವೇ ಇಲ್ಲ ಎಂದೂ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಖಾಲಿ ಜಾಗವೊಂದಿದೆ ಎಂಬ ಸುದ್ದಿ ಅಷ್ಟರಲ್ಲಿ ಹಬ್ಬಿಯಾಗಿತ್ತು. ಮಧುಗಿರಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ಲು ಎಸೆಯುವ ಹಾಗೆ, ಜಗಲಿಯಲ್ಲಿ ಕುಳಿತಿದ್ದ ಗಂಡಸರೆಲ್ಲ ಹೆಗಲು ಮುಟ್ಟಿ ನೋಡಿಕೊಂಡರು.

ಮೊದಲ ಟವೆಲ್ಲು ತಾಯಿಯ ತಂದೆಯದು. ‘ಊರೆಸ್ರು ಇರ್ಲಿ. ಊರೆಸ್ರಿಲ್ದಿದ್ರೆ ಗುರ್ತು ಸಿಗಾಕಿಲ್ಲ. ಒಳವನಳ್ಳಿ ಅಂತ ನಡೂಕೆ ಹಾಕ್ಸಿ’ ಎಂದರು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಅವರ ಪ್ರಕಾರ ನಮ್ಮೆಲ್ಲರ ಇನಿಶಿಯಲ್ಲು ಎಚ್ ಆಗಿರುವುದೇ ಇಸ್ಕೂಲು ಮೇಷ್ಟ್ರು ಮಾಡಿದ ತಪ್ಪು, ‘ಓ’ ಆಗಬೇಕಿತ್ತು.

ಪಾವಗಡದ ಅಜ್ಜ ಅಷ್ಟಕ್ಕೆ ಮೀಸೆ ಸರಿಮಾಡಿಕೊಂಡರು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ಅದು. ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ. ಅವರಿಗೆ ಇಂಟಿಪೇರು, ಎಂದರೆ ಮನೆತನದ ಹೆಸರು, ಇದೆ. ಇಂಟಿಪೇರು ನಡುವೆ ಕೂರುವ ಪೈಕಿಯಲ್ಲ, ಹೆಸರಿಗಿಂತ ಮೊದಲೇ ಬರುವ ಯಜಮಾನ. ‘ಮಗು ನಮ್ದು, ಪೇರೂ ನಮ್ದೇ. ನಿಮ್ಮೂರೆಸರು ಹಾಕಕ್ಕೆ ಇದೇನು ಬಸ್ಸಿನ ಬೋರ್ಡಾ?’ ಎಂದರು. ‘ನಮ್ಮೂರಾಗೆ ಉಟ್ಟಿದ್ದಲ್ವಾ?’ ಎಂದು ಹೊಳವನಹಳ್ಳಿ. ‘ಹುಟ್ಟಿದ್ದು ಆಸ್ಪತ್ರೇಲಿ’ ಎಂದು ಪಾವಗಡ. ಮಗುವಿನ ಅಪ್ಪ, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು, ಇಬ್ಬರಿಗೂ ಬೇಸರವಾಗದಂತೆ ತನ್ನ ಹೆಸರನ್ನೇ ಇಡೋಣ ಎಂದು ನ್ಯಾಯ ಹೇಳಿದ.

ಪುರೋಹಿತರು ಪಂಚಾಂಗ ಮಡಿಸಿ ಗಂಟಲು ಸರಿಮಾಡಿಕೊಂಡರು. ಶಾಸ್ತ್ರದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕಿವೆ. ನೀವು ಒಂದಕ್ಕೇ ಇಷ್ಟು ಗದ್ದಲ ಮಾಡುತ್ತೀರಿ ಎಂದರು. ಮಗು ಹಸ್ತಾ ನಕ್ಷತ್ರ, 3ನೇ ಪಾದ. ಬಂದ ಅಕ್ಷರ ‘ಣ’. ಸಭೆ ಸ್ತಬ್ಧವಾಯಿತು. ‘ಣ’ದಿಂದ ಶುರುವಾಗುವ ಹೆಣ್ಣಿನ ಹೆಸರು ಕನ್ನಡದಲ್ಲಿ ಇಲ್ಲ, ಸಂಸ್ಕೃತದಲ್ಲಿ ಹುಡುಕಲು ಹೋದವರು ಇನ್ನೂ ವಾಪಸು ಬಂದಿಲ್ಲ. ‘ಸಮಾಧಾನ ಮಾಡ್ಕೊಳಿ, ಆರಿದ್ರೆ 3ನೇ ಪಾದದವರಿಗೆ ಙ ಬರುತ್ತೆ, ಉತ್ತರಾಭಾದ್ರೆ 4ನೇ ಪಾದದವರಿಗೆ ಞ’ ಎಂದು ಪುರೋಹಿತರು ಧೈರ್ಯ ತುಂಬಿದರು. ಒಳಗೆ ಹೋಳಿಗೆ ತಟ್ಟುತ್ತಿದ್ದ ಅಜ್ಜಿ ಅಲ್ಲಿಂದಲೇ, ‘ಕೃಷ್ಣವೇಣಿ ಅಂತ ಇಡ್ರಪ್ಪಾ, ಕೊನೇಲಿ ಣಾ ಬತ್ತದಲ್ಲ’ ಎಂದರು. ಆ ಹೊತ್ತಿನವರೆಗೆ ಬಂದ ಸಲಹೆಗಳಲ್ಲಿ ಬುದ್ಧಿವಂತಿಕೆಯದು ಅದೊಂದೇ. ಹಾಗಾಗಿ ಅದು ಚರ್ಚೆಗೆ ಬರಲಿಲ್ಲ. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿರಬೇಕು, ಕಿವಿಗೆ ಹಿತವಾಗಿರಬೇಕು ಎಂದು ಮನುಸ್ಮೃತಿಯಲ್ಲೇ ಇದೆ ಎಂದರು ಪುರೋಹಿತರು. ಕರೆದ ಕೂಡಲೇ ಬರಬೇಕಾದವರ ಹೆಸರು ಕರೆಯುವವರಿಗೆ ಸುಲಭವಾಗಿರಬೇಕಾದ್ದು ನ್ಯಾಯವೇ.

ಸಂಖ್ಯಾಶಾಸ್ತ್ರದವರು ತುಮಕೂರಿನಿಂದ ಫೋನಿನಲ್ಲೇ ಬಂದರು. ಹೆಸರಿಗೆ ಒಂದು ‘ಎ’ ಕಡಿಮೆಯಿದೆಯಂತೆ, ಒಂದು ‘ಎಚ್’ ಜಾಸ್ತಿಯಿದೆಯಂತೆ. ಹೊಳವನಹಳ್ಳಿ ಎಂದು ಇಂಗ್ಲಿಷಿನಲ್ಲಿ ಬರೆದರೆ 13 ಅಕ್ಷರ, ಅದು ಮಗುವಿನ ಹೆಗಲಿಗೆ ಭಾರ ಎಂದರು. ‘ಒಂದು ಎಲ್ ತೆಗೆದ್ರೆ?’ ಎಂದು ಅಜ್ಜ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಮದ್ದಗಿರಿ ಮಧುಗಿರಿಯಾಗಿಲ್ಲವೇ? ಕನ್ನಡದಲ್ಲಿ ಎಂದೂ ಬದಲಾಗದ ತುಮಕೂರು, 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಒಂದು ‘ಎ’, ಒಂದು ‘ಯು’ ಹೆಚ್ಚಿಸಿಕೊಳ್ಳಲಿಲ್ಲವೇ? ಜಿಲ್ಲಾ ಕೇಂದ್ರಕ್ಕೇ ಆದದ್ದು ಹೋಬಳಿ ಕೇಂದ್ರಕ್ಕೆ ಆಗಬಾರದೇ?

ನಿವೃತ್ತ ಮೇಷ್ಟ್ರೊಬ್ಬರು, ಊರೂ ಬೇಡ ಮನೆತನವೂ ಬೇಡ, ನಮ್ಮ ಹೊಳೆಯ ಹೆಸರಿಡೋಣ, ಜಯಮಂಗಲಿ ಎಂದರು. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ತಾಲ್ಲೂಕು ಹಾದು ಮಧುಗಿರಿ ಕಡೆ ಹೋಗಿ ಉತ್ತರ ಪಿನಾಕಿನಿಗೆ ಸೇರುವ ನದಿ. ಎಷ್ಟು ಮುದ್ದಾದ ಹೆಸರು. ನನಗೂ ಹಿಡಿಸಿತು. ಮೂಲೆಯಿಂದ ಒಬ್ಬ, ‘ಬ್ಯಾಡಿ ಸಾ, ಆ ಎಸ್ರು ಕೇಳಿದ್ರೆ ಮರಳು ಲಾರಿಯೋರು ಬತ್ತಾರೆ’ ಎಂದ. ಅಲ್ಲಿಗೆ ಹೊಳೆ ಬತ್ತಿತು.

ಇನ್ನು ಉಳಿದದ್ದು ಲಕ್ಷ್ಮಿ. ಗೊರವನಹಳ್ಳಿ ಮಹಾಲಕ್ಷ್ಮಿ ನಮ್ಮ ತಾಲ್ಲೂಕಿನವಳೇ. ಶುಕ್ರವಾರ ಬೆಂಗಳೂರಿನ ಕಾರುಗಳನ್ನು ನೋಡಿದರೆ ಅವಳ ಪ್ರಭಾವ ತಿಳಿಯುತ್ತದೆ. ‘ಲಕ್ಷ್ಮಿ ಅಂತ ನಡುವೆ ಇರಲಿ, ಯಾರಿಗೂ ತಕರಾರಿಲ್ಲ’ ಎಂದು ಯಾರೋ ಅಂದರು. ಸರ್ಕಾರಕ್ಕೂ ಇದೇ ಅನುಭವ. ನಮ್ಮ ಸರ್ಕಾರಗಳು ಪಕ್ಷ ಬದಲಾದರೂ ಹೆಣ್ಣಿಗೆ ಇಡುವ ಹೆಸರು ಬದಲಾಯಿಸುವುದಿಲ್ಲ. ಹುಟ್ಟಿದರೆ ಭಾಗ್ಯಲಕ್ಷ್ಮಿ, ಮನೆ ನಡೆಸಿದರೆ ಗೃಹಲಕ್ಷ್ಮಿ. 2023ರ ಆಗಸ್ಟಿನಿಂದ ತಿಂಗಳಿಗೆ 2000 ರೂಪಾಯಿಗೆ ನಮ್ಮೂರ ಹನುಮಕ್ಕ, ಓಬಳಮ್ಮಂದಿರೆಲ್ಲ ಒಟ್ಟಿಗೇ ಲಕ್ಷ್ಮಿಯರಾದರು. ಲಕ್ಷ್ಮಿಗೆ ಎಲ್ಲೆಲ್ಲೂ ಇರುವುದು ನಡುವಿನ ಜಾಗವೇ. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅವರ ನಡುಹೆಸರು ದೇವಿ, ಅವರ ತಂಗಿ ಮಾಯಾ ಅವರದು ಲಕ್ಷ್ಮಿ. ತಾಯಿ ಶ್ಯಾಮಲಾ ಗೋಪಾಲನ್ ಸಾಗರ ದಾಟಿ ಹೋಗಿ ಕ್ಯಾನ್ಸರ್ ಸಂಶೋಧನೆ ಮಾಡಿದರು, ಇಬ್ಬರು ಮಕ್ಕಳನ್ನು ಒಬ್ಬರೇ ಬೆಳೆಸಿದರು. ಕೊನೆಯ ಸೀಟು ಆಗಲೂ ದೂರವಾದ ಗಂಡನದೇ. ಲಕ್ಷ್ಮಿಗೂ ದೇವಿಗೂ ಸಿಕ್ಕ ನಡುವಿನ ಸೀಟು ಶ್ಯಾಮಲಾಗೆ ಸಿಗಲಿಲ್ಲ.

ಇಷ್ಟು ಹೊತ್ತು ಮಗುವಿನ ತಾಯಿ ಎಲ್ಲಿದ್ದಳು ಎಂದು ಕೇಳುವವರಿಗೆ: ನಡುಮನೆಯ ಬಾಗಿಲ ಹಿಂದೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಾಂಬ್ರಾಣಿ ಹೊಗೆ. ಬಾಣಂತಿ ಮಾತಾಡಿದರೆ ಶೀತವಾಗುತ್ತದೆ. ಮಗುವಿನ ತೊಟ್ಟಿಲ ಪಕ್ಕದಲ್ಲಿ ಅವಳ ತಾಯಿ ಕಾರ್ಡು ಇತ್ತು. ಅದನ್ನು ನಾನು ಎತ್ತಿ ನೋಡಿದೆ. ಬಸುರಿಯಾದಾಗ ಆಶಾ ಕಾರ್ಯಕರ್ತೆ ಬರೆಸಿಕೊಟ್ಟದ್ದು. ಮೊದಲ ಹಾಳೆಯಲ್ಲಿ ತಾಯಿಯ ಹೆಸರು, ತಾಯಿಯ ರಕ್ತದ ಗುಂಪು, ತಾಯಿಯ ತೂಕ, ತಾಯಿಯ ಹಿಮೋಗ್ಲೋಬಿನ್ನು. ಒಳಗೆ ಮಗುವಿನ ಲಸಿಕೆಯ ಖಾನೆಗಳು. ಬಿಸಿಜಿ, ಪೋಲಿಯೊ ಎಂದು ನೀಲಿ ಇಂಕಿನ ತಾರೀಕು. ಕಾರ್ಡಿನೊಳಗೆ ಮಡಚಿಟ್ಟಿದ್ದ ಪಟ್ಟಿಯೊಂದಿತ್ತು, ಆಸ್ಪತ್ರೆಯಲ್ಲಿ ಮಗುವಿನ ಕೈಗೆ ಕಟ್ಟಿದ್ದು. ಅದರಲ್ಲಿ ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರು. ನಡುವೆ ಊರಿಲ್ಲ, ಇಂಟಿಪೇರಿಲ್ಲ, ಯಾವ ಅಜ್ಜನೂ ಇಲ್ಲ. ಆಸ್ಪತ್ರೆಯವರು ಸ್ತ್ರೀವಾದಿಗಳು ಎಂದಲ್ಲ. ಮಕ್ಕಳು ಅದಲುಬದಲಾಗಬಾರದು ಎಂಬ ಭಯಕ್ಕೆ ಅವರು ಹಾಗೆ ಬರೆಯುತ್ತಾರೆ. ಇದು ಯಾರ ಮಗು ಎಂಬುದು ಖಚಿತವಾಗಿ ತಿಳಿಯಬೇಕಾದಾಗ ತಾಯಿಯ ಹೆಸರು, ಖಚಿತವಾಗಿ ಗೊತ್ತಾದ ಮೇಲೆ ಅಪ್ಪನ ಹೆಸರು.

ಹನ್ನೊಂದು ದಿನ ನಡೆಯುವ ಈ ಮಾತೃರಾಜ್ಯವನ್ನು ಹನ್ನೆರಡನೇ ದಿನಕ್ಕೆ ಹೋಳಿಗೆ ಊಟ ಹಾಕಿ ಕೊನೆಗಾಣಿಸುತ್ತೇವೆ.

ಆಮೇಲೆ ಆ ಹೆಣ್ಣಿನ ಇನಿಶಿಯಲ್ಲಿಗೆ ಒಂದು ಕಡೆ ನೆಲೆಯಿಲ್ಲ. ಗಂಡಸಿನ ಎರಡಕ್ಷರ ಮಾರ್ಕ್ಸ್ ಕಾರ್ಡಿನಿಂದ ತಿಥಿ ಕಾರ್ಡಿನ ತನಕ ಅಲುಗುವುದಿಲ್ಲ. ಹೆಣ್ಣಿನದು ಮದುವೆಯ ಲಗ್ನಪತ್ರಿಕೆಯಲ್ಲೇ ಸಾಮಾನು ಕಟ್ಟುತ್ತದೆ. ಹೆಸರೇ ಹೋದದ್ದೂ ಉಂಟು: ವಾಸಂತಿ ಎಂದು ಹುಟ್ಟಿದವರು ಮದುವೆಯಾಗಿ ಜಾನಕಿ ಶ್ರೀನಿವಾಸ ಮೂರ್ತಿಯಾದರು, ‘ಸುಧಾ’ ವಾರಪತ್ರಿಕೆಯವರು ಕತೆಗೆ ಬೇರೆ ಹೆಸರು ಹಾಕಿ ವೈದೇಹಿಯಾದರು. ಅನುಪಮಾ ನಿರಂಜನ ಅವರದು ಇನ್ನೂ ಸೊಗಸು. ಹುಟ್ಟಿದ್ದು ವೆಂಕಟಲಕ್ಷ್ಮಿಯಾಗಿ, ಕೈಹಿಡಿದದ್ದು ಕುಳಕುಂದ ಶಿವರಾಯರನ್ನು, ಹೆಸರಿನ ಪಕ್ಕ ಬಂದು ಕೂತದ್ದು ಗಂಡನ ಕಾವ್ಯನಾಮ. ಲೇಖಕರು ತಮಗೆ ತಾವೇ ಕಟ್ಟಿಕೊಂಡ ಹೆಸರೂ ನಮ್ಮಲ್ಲಿ ಹೆಂಡತಿಗೆ ಮನೆತನವಾಗಬಲ್ಲದು. ಹೆಂಡತಿಯ ಕಾವ್ಯನಾಮವನ್ನು ಪಕ್ಕದಲ್ಲಿ ಇಟ್ಟುಕೊಂಡ ಗಂಡನನ್ನು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ನಾನು ಹುಡುಕುತ್ತಿದ್ದೇನೆ.

ತಾಯಿಯ ಹೆಸರು ಇನಿಶಿಯಲ್ಲಿನಲ್ಲಿ ಕೂತದ್ದೇ ಇಲ್ಲ ಎನ್ನಬೇಡಿ. ಶ್ರಾವಣದಲ್ಲಿ ಊರೂರ ಮೈಕಿನಲ್ಲಿ ಸುಪ್ರಭಾತ ಹಾಡುವ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಎಂ ಮದುರೈ, ಎಸ್ ಷಣ್ಮುಖವಡಿವು. ಅದು ಅವರ ತಾಯಿ, ವೀಣೆ ನುಡಿಸುತ್ತಿದ್ದವರು. ಸಭೆಯಲ್ಲಿ ಇದನ್ನು ಹೇಳಿದೆ. ಎಲ್ಲರೂ ಭಕ್ತಿಯಿಂದ ಕೈಮುಗಿದರು. ಆಮೇಲೆ ಒಬ್ಬರು ನನ್ನ ಕಿವಿಯ ಹತ್ತಿರ ಬಂದು, ‘ಅದು ದೇವದಾಸಿ ಮನೆತನ ಅಲ್ವಾ ಸಾರ್, ಅವರಲ್ಲಿ ಹಾಗೆ’ ಎಂದರು. ಸುಪ್ರಭಾತಕ್ಕೆ ಆಗುವ ಮನೆತನ ಇನಿಶಿಯಲ್ಲಿಗೆ ಆಗುವುದಿಲ್ಲ.

ಪಕ್ಕದ ಮಹಾರಾಷ್ಟ್ರದಲ್ಲಿ ಸರ್ಕಾರಿ ಆದೇಶವೇ ಬಂದಿದೆ ಎಂದೆ. 2024ರ ಮೇ 1ರಿಂದ ಅಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಸರ್ಕಾರಿ ದಾಖಲೆಯಲ್ಲಿ ಬರೆಯಬೇಕಾದ ಕ್ರಮ ಹೀಗೆ: ಮಗು, ಅದರ ಮುಂದೆ ತಾಯಿ, ಆಮೇಲೆ ಅಪ್ಪ, ಕೊನೆಗೆ ಮನೆತನ. ‘ಮರಾಠರು ಜಾಗ ಇದ್ದೋರು, ಹಾಕ್ಕಂತಾರೆ’ ಎಂದರು ಹೊಳವನಹಳ್ಳಿ ಅಜ್ಜ. ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ಆಂಧ್ರದ ಒಬ್ಬ ತಾಯಿಯ ಪರವಾಗಿ ಕೊಟ್ಟ ತೀರ್ಪನ್ನೂ ಬಿಚ್ಚಿದೆ. ಪಾವಗಡದವರಿಗೆ ಆಂಧ್ರ ಎಂದರೆ ಕಿವಿ ನೆಟ್ಟಗಾಗುತ್ತದೆ. ಗಂಡ ತೀರಿಕೊಂಡ ಮೇಲೆ ಅವಳು ಮರುಮದುವೆಯಾಗಿದ್ದಳು. ಮಗುವಿಗೆ ಸತ್ತ ಅಪ್ಪನ ಮನೆತನದ ಹೆಸರನ್ನೇ ಮತ್ತೆ ಹಾಕಬೇಕು, ದಾಖಲೆಯಲ್ಲಿ ಈಗಿನ ಗಂಡನನ್ನು ಮಲತಂದೆ ಎಂದು ತೋರಿಸಬೇಕು ಎಂದು ಹೈಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ತಾಯಿಯೇ ಸಹಜ ಪೋಷಕಿ, ಮಗುವಿನ ಮನೆತನದ ಹೆಸರು ಅವಳು ತೀರ್ಮಾನಿಸಬಹುದು ಎಂದಿತು. ಪಾವಗಡದ ಅಜ್ಜ ಪೂರ್ತಿ ಕೇಳಿಸಿಕೊಂಡು, ‘ಅಂದ್ರೆ ನನ್ನ ಮಗ ಸಾಯಬೇಕೇನಯ್ಯಾ?’ ಎಂದರು. ತೀರ್ಪಿನ ಇಷ್ಟು ಚುಟುಕಾದ ವ್ಯಾಖ್ಯಾನವನ್ನು ನಾನು ವಕೀಲರ ಬಾಯಲ್ಲೂ ಕೇಳಿರಲಿಲ್ಲ.

ಹಾಗಾದರೆ ಗಂಡಸರ ಮೊಹರಿಲ್ಲದ ಹೆಸರು ಹೆಣ್ಣಿಗೆ ಇರಲೇ ಇಲ್ಲವೇ? ನಮ್ಮ ತುಮಕೂರು ಜಿಲ್ಲೆಯೇ ಎರಡು ಕೊಟ್ಟಿದೆ, ಎರಡೂ ಯಾವ ಜಗಲಿಯಲ್ಲೂ ತೀರ್ಮಾನವಾದದ್ದಲ್ಲ. ಬಿದರೆಯಲ್ಲಿ ಹುಟ್ಟಿದ ಸಾಕಮ್ಮನವರನ್ನು ಕೊಡಗಿನ ದೊಡ್ಡಮನೆ ಸಾಹುಕಾರರಿಗೆ ಮೂರನೇ ಹೆಂಡತಿಯಾಗಿ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಕಾಫಿ ತೋಟ ಇವರ ತಲೆಗೆ ಬಂತು. ಇವರು ತೋಟ ನಡೆಸಿ, ಬಸವನಗುಡಿಗೆ ಬಂದು ಪುಡಿಯ ವ್ಯಾಪಾರ ಮಾಡಿ ಬೆಂಗಳೂರಿಗೆ ಕಾಫಿ ಕುಡಿಸಿದರು. ದಾಖಲೆಯಲ್ಲಿ ಅವರು ಡಿ. ಸಾಕಮ್ಮ, ಆ ಡಿ ಗಂಡನ ದೊಡ್ಡಮನೆಯದು. ಜನ ಕರೆದದ್ದು ಕಾಫಿಪುಡಿ ಸಾಕಮ್ಮ. ಇನ್ನೊಬ್ಬರು ಗುಬ್ಬಿ ತಾಲ್ಲೂಕಿನಿಂದ ಮಾಗಡಿಯ ಹುಲಿಕಲ್ಲಿಗೆ ಸೊಸೆಯಾಗಿ ಹೋದ ತಿಮ್ಮಕ್ಕ. ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು 385 ಆಲದ ಮರ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಕೊಡುವಾಗ ರಾಷ್ಟ್ರಪತಿ ಭವನದವರೂ ಸಾಲುಮರದ ಎಂದೇ ಕರೆದರು. ಊರಿನ ಇನಿಶಿಯಲ್ಲು ಏನು, ಅಪ್ಪನದೇನು ಎಂದು ಯಾರೂ ಕೇಳಲಿಲ್ಲ. ಆದರೆ ಇದನ್ನು ನಾಮಕರಣದ ದಿನ ಹೇಳಿ ಪ್ರಯೋಜನವಿಲ್ಲ. ಮಗು ಅಲ್ಲಿಯ ತನಕ ಮಾಡಿದ್ದು ಒಂದೇ ಕೆಲಸ, ಆ ಹೆಸರನ್ನು ಮುಂದೆ ಹಚ್ಚಿದರೆ ಚೆನ್ನಾಗಿರುವುದಿಲ್ಲ.

ಹೊತ್ತು ಮಧ್ಯಾಹ್ನ ಎರಡಾಗುತ್ತಿತ್ತು. ಪಾವಗಡದ ಟೆಂಪೊ ಡ್ರೈವರು ಎರಡು ಸಲ ಹಾರನ್ನು ಮಾಡಿದ್ದ. ಹಸಿವಿಗೆ ನನ್ನ ಬುದ್ಧಿ ಚುರುಕಾಗಿ ಅಮೆರಿಕದ ಕತೆಯೊಂದು ನೆನಪಿಗೆ ಬಂತು. ಡಲ್ಲಾಸು ಸೇರಿಸಿದ ಜಗಳವನ್ನು ಅಮೆರಿಕದವರೇ ಬಿಡಿಸಲಿ ಎಂದುಕೊಂಡು ಹೇಳಿದೆ. 1945ರಿಂದ 1953ರ ತನಕ ಅಲ್ಲಿ ಅಧ್ಯಕ್ಷರಾಗಿದ್ದವರು ಹ್ಯಾರಿ ಎಸ್. ಟ್ರೂಮನ್. 1884ರಲ್ಲಿ ಅವರು ಹುಟ್ಟಿದಾಗ ಅವರ ಮನೆಯಲ್ಲೂ ಇದೇ ಪಂಚಾಯ್ತಿ. ಅಪ್ಪನ ಅಪ್ಪ ಆ್ಯಂಡರ್ಸನ್ ಶಿಪ್ ಟ್ರೂಮನ್, ತಾಯಿಯ ಅಪ್ಪ ಸಾಲೊಮನ್ ಯಂಗ್. ಯಾರ ಹೆಸರು ನಡುವೆ ಇಡುವುದು? ಕೊನೆಗೆ ಬರೀ ‘ಎಸ್’ ಎಂದು ಇಟ್ಟರು. ಆ ಎಸ್ ಯಾವುದರ ಸಂಕ್ಷೇಪವೂ ಅಲ್ಲ. ಇಬ್ಬರು ಅಜ್ಜಂದಿರೂ ಅದು ತನ್ನದೇ ಎಂದುಕೊಂಡರು. ಅದೇ ಅಕ್ಷರ ಇಟ್ಟುಕೊಂಡು ಆತ ಜಪಾನಿನ ಮೇಲೆ ಬಾಂಬು ಹಾಕಲು ಹೇಳುವ ಮಟ್ಟಕ್ಕೆ ಬೆಳೆದರು.

ಬಾಂಬಿನ ಮಾತು ಕೇಳಿ ಅಜ್ಜಂದಿರಿಬ್ಬರಿಗೂ ಟ್ರೂಮನ್ ಮೇಲೆ ಗೌರವ ಹುಟ್ಟಿತು. ಒಂದಕ್ಷರ ಇಟ್ಟರೆ ಸಾಕು ಎಂದಾಯಿತು. ಯಾವ ಅಕ್ಷರ? ‘ಎಚ್’ ಎಂದು ಮೇಷ್ಟ್ರು ಹೇಳಿದರು. ಹೊಳವನಹಳ್ಳಿಯೂ ಎಚ್ಚು. ಪಾವಗಡದವರ ಇಂಟಿಪೇರೂ ದೇವರ ದಯದಿಂದ ಎಚ್ಚಿನಲ್ಲೇ ಶುರು. ಮಗುವಿನ ಅಪ್ಪನ ಹೆಸರಿನ ಮೊದಲಕ್ಷರವೂ ಅದೇ, ಹಾಗಾಗಿ ಅವನು ಗೆದ್ದವನಂತೆ ಕಾಲಮೇಲೆ ಕಾಲು ಹಾಕಿದ. ಸಂಖ್ಯಾಶಾಸ್ತ್ರದವರು ಒಂದು ಎಚ್ ಜಾಸ್ತಿಯಿದೆ ಎಂದವರು, ದಕ್ಷಿಣೆ ಫೋನ್‌ಪೇ ಆಯಿತು ಎಂದು ತಿಳಿದ ಮೇಲೆ ಅದೇ ಎಚ್ಚು ರಾಜಯೋಗ ಎಂದರು. ಹೊಳವನಹಳ್ಳಿ ಅಜ್ಜನಿಗೆ ಮಾತ್ರ ಸ್ವಲ್ಪ ಅನುಮಾನ: ‘ಒಳವನಳ್ಳಿಗೆ ಓ ಅಲ್ವೇನ್ಲಾ?’ ಅವರನ್ನು ಸುಮ್ಮನಿರಿಸಿದರು. ಬಾಣಂತಿಯ ಹೆಸರೂ ಎಚ್ಚಿನಿಂದಲೇ ಶುರುವಾಗುತ್ತದೆ. ಕೈಪಟ್ಟಿಯಲ್ಲಿ ಓದಿದ್ದೆ. ಹೇಳಿದ್ದರೆ ಊಟ ಇನ್ನೊಂದು ಗಂಟೆ ಮುಂದಕ್ಕೆ ಹೋಗುತ್ತಿತ್ತು, ಹೇಳಲಿಲ್ಲ.

ಅರ್ಜಿ ತುಂಬಲು ಕರೆಸಿದ್ದ ಸೈಬರ್ ಸೆಂಟರಿನ ಹುಡುಗ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಚಿತ್ರಾನ್ನ ತಿನ್ನುತ್ತಿದ್ದವನು, ಕೈ ತೊಳೆದುಕೊಂಡು ಬಂದು ತಕರಾರು ತೆಗೆದ. ‘ಈಗ ನಡೆಯುತ್ತೆ ಅಣ್ಣಾ. ಮುಂದೆ ಪ್ಯಾನ್ ಕಾರ್ಡ್ ಮಾಡಿಸ್ಬೇಕಾದ್ರೆ ತೊಂದ್ರೆ. ಅದ್ರಲ್ಲಿ ಇನಿಶಿಯಲ್ ತಗೊಳಲ್ಲ, ಎಕ್ಸ್‌ಪ್ಯಾಂಡ್ ಮಾಡಿ ಪೂರ್ತಿ ಬರೀಬೇಕು. ಎಚ್ ಅಂದ್ರೆ ಏನು ಅಂತ ಆಗ ಹೇಳಲೇಬೇಕಾಗ್ತದೆ.’

ಸಭೆ ಮತ್ತೆ ಹೆಗಲು ಮುಟ್ಟಿಕೊಳ್ಳುವುದರಲ್ಲಿತ್ತು. ಪಾವಗಡದ ಅಜ್ಜ ಕೈಯೆತ್ತಿ ತಡೆದರು.

‘ಪ್ಯಾನ್ ಕಾರ್ಡು ಬರೋ ಹೊತ್ತಿಗೆ ಮದುವೆ ಆಗಿರ್ತದೆ ಬಿಡಯ್ಯಾ. ಎಚ್ ಅಂದ್ರೆ ಏನು ಅಂತ ಅವಳ ಗಂಡನ ಮನೆಯೋರು ನೋಡ್ಕಂತಾರೆ.’

ಮಾತು ಎಲ್ಲರಿಗೂ ಸರಿಯೆನಿಸಿತು. ಎಲೆ ಹಾಕಿಸಿದರು.